ಗಾಜಿನ ಕೋಣೆಗೆ ಶುಕ್ರವಾರದ ಪೂಜೆ

ಮತ್ತೆ ಹತ್ತಿತು ಆ ಕೆಂಪು ದೀಪ, ಕಡಲೆಕಾಳಿನಷ್ಟು, ಗಾಜಿನ ಈಚೆ ಟೈಪ್‌ರೈಟರ್ ಮುಂದೆ ಕುಳಿತ ಚಂಪಕಳಿಗೂ ಕಾಣುತ್ತದೆ, ಹತ್ತಿದ್ದು ಆರುವುದಿಲ್ಲ, ಆಚೆ ಕಂಪ್ಯೂಟರಿನೊಳಗೆ ಗರಗರ ಗರಗರ ಏನೋ ಅರೆಯುತ್ತದೆ, ಆಮೇಲೆ ಅದೂ ಇಲ್ಲ — ನಿಂತುಹೋಯಿತು, ನಿಲ್ಲಲಿ, ಅಯ್ಯೋ ಶುಕ್ರವಾರ ಬೆಳಿಗ್ಗೆ ಬಾಯಲ್ಲಿ ಇಂಥ ಮಾತೇಕೆ, ಆದರೂ ನಿಲ್ಲಲಿ. ಗಾಜಿನಾಚೆ ಸಾಕಮ್ಮ ಸ್ವಿಚ್ ಆರಿಸಿ ಬೆರಳು ಮಡಿಸುತ್ತಿದ್ದಾಳೆ, ಒಂದು, ಎರಡು, ಮೂರು, ಹತ್ತು ಎಣಿಸಿ ಆಮೇಲೆ ಹಾಕಬೇಕಂತೆ, ಮೈಸೂರಿನ ಇಂಜಿನಿಯರು ಫೋನಿನಲ್ಲಿ ಹೇಳಿದ್ದು, ಆ ಬೆರಳುಗಳನ್ನು ನೋಡು, ಆ ಬೆರಳಿಗೆ ಎ ಎಸ್ ಡಿ ಎಫ್ ಕಲಿಸಿದ್ದು ಯಾರು, ಎಪ್ಪತ್ತೇಳನೇ ಇಸವಿಯಲ್ಲಿ, ಈ ಬಿತ್ತನೆಬೀಜದ ಸಂಘದ ನರಸೀಪುರ ಗೋಡೌನಿನಲ್ಲಿ, ಆಗ ಸಾಕಮ್ಮ ಭತ್ತದ ಮೂಟೆಗೆ ಚೀಟಿ ಹೊಲಿಯುತ್ತಿದ್ದಳು, ತಲಕಾಡಿನ ಬಸ್ಸಿನಿಂದ ಇಳಿದು ತಲೆಯ ಮರಳು ಕೊಡವಿಕೊಂಡು ಬರುವಳು, ಊಟದ ಬಿಡುವಿನಲ್ಲಿ ಚಂಪಕಳೇ ಅವಳನ್ನು ಕರೆದು ಟೈಪ್‌ರೈಟರ್ ಮುಂದೆ ಕೂರಿಸಿ ಕೀಲಿಗಳ ಮೇಲೆ ಟವೆಲ್ಲು ಹೊದೆಸಿ, ಕೈ ನೋಡಬಾರದು ಕಣೇ, ಎದುರಿನ ಹಾಳೆ ನೋಡು, ಅಂದವಳು. ಅಕ್ಕ, ಕಿರುಬೆಳ್ಳು ನೋಯ್ತದೆ ಕಣಕ್ಕ, ಎನ್ನುತ್ತಿದ್ದಳು. ನೋಯಲಿ, ನೋಯದೆ ಬರುವುದಿಲ್ಲ. ಬಂತು. ಎಲ್ಲ ಬಂತು ಅವಳಿಗೆ. ಕೈ ತೋರಿಸಿ ಅವಲಕ್ಷಣ ಹೇಳಿಸಿಕೊಂಡ ಹಾಗಾಯಿತು ಚಂಪಕಳ ಕಥೆ, ಏಣಿ ಹಿಡಿದು ನಿಂತವಳು ಕೆಳಗೇ, ಹತ್ತಿದವಳು ಗಾಜಿನ ಕೋಣೆಯೊಳಗೆ, ತಣ್ಣನೆ ಗಾಳಿಯಲ್ಲಿ, ಮತ್ತೆ ಸ್ವಿಚ್ ಹಾಕಿದಳು, ಪರದೆಯ ಮೇಲೆ ನಂಬರು ಏರುತ್ತದೆ, ಆರುನೂರ ನಲವತ್ತಕ್ಕೆ ನಿಲ್ಲುತ್ತದೆ, ಕೀಕ್ ಅನ್ನುತ್ತದೆ, ಇಲ್ಲಿಯವರೆಗೆ ಎಲ್ಲ ಸರಿ, ಈಗ ಆ ಕೆಂಪು ದೀಪ, ಹತ್ತಿತು, ಗರಗರ.

ಕಾರ್ಯದರ್ಶಿ ಶಂಭುಲಿಂಗಪ್ಪನವರು ಮೂಗಿನ ಮೇಲಕ್ಕೆ ಕನ್ನಡಕ ಏರಿಸಿಕೊಂಡು ಹೇಳಿದ ಮಾತು, ಚಂಪಕಮ್ನೋರೇ, ನಿಮ್ದು ಫಾಸ್ಟ್ ಕೈ, ಕಾಗದ ಪತ್ರಕ್ಕೆ ನೀವಿಲ್ದೆ ನಮ್ಗೆ ಆಗಲ್ಲ, ಕಂಪ್ಯೂಟರ್ ಟ್ರೈನಿಂಗ್‌ಗೆ ಸಾಕಮ್ಮ ಹೋಗ್ಲಿ ಬಿಡಿ. ಬಿಟ್ಟಳು. ಚೆನ್ನಾಗಿ ಕೆಲಸ ಮಾಡುವವರಿಗೆ ಸಿಗುವ ಬಹುಮಾನ ಇದೇ ತಾನೇ, ಇದ್ದಲ್ಲೇ ಇರುವುದು. ಇಪ್ಪತ್ತೊಂದು ದಿನ ಮೈಸೂರು, ಬರುವಾಗ ಹೆಗಲಿಗೊಂದು ಬ್ಯಾಗು, ಬಾಯಿತುಂಬ ಫ್ಲಾಪಿ, ಡ್ರೈವು, ಬೂಟ್ ಆಗ್ಬೇಕು ಅಕ್ಕ, ಬೂಟ್ ಆದ್ರೇನೇ ಮಿಷಿನ್ನು ಏಳಾದು. ಆ ಅಕ್ಕ ಎನ್ನುವ ಪದ ಕೇಳಿದರೆ ಈಗ ಹೊಟ್ಟೆಯಲ್ಲಿ ಕಿಚ್ಚು, ಹೌದು, ಹೊಟ್ಟೆಕಿಚ್ಚೇ, ಬೇರೆ ಹೆಸರು ಏಕೆ ಇಡಬೇಕು, ನಲವತ್ತೆರಡು ವರ್ಷದವಳಿಗೆ ನಾಚಿಕೆಯಾಗಬೇಕು, ಆಗುತ್ತದೆ, ಆದರೂ ಕಿಚ್ಚು ಕಿಚ್ಚೇ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕಂತೆ, ಸಾಕಮ್ಮ ಬಿಟ್ಟು ಯಾರೂ ಮುಟ್ಟಬಾರದಂತೆ — ಚಂಪಕಳಿಗೆ ಹೊಸದೇನು, ಅಪ್ಪ ಅರ್ಚಕರು, ಅಣ್ಣ ಅರ್ಚಕ, ಹೂ ಕಟ್ಟಿದ್ದು ಇವಳು, ಹೊಸ್ತಿಲ ಈಚೆ ನಿಂತು ತಟ್ಟೆ ಕೊಟ್ಟು ಕೈ ತೆಗೆದದ್ದು ಇವಳು, ಗರ್ಭಗುಡಿಯೊಳಗೆ ಎಂಥ ಕತ್ತಲೆ ಎಂದು ಇವತ್ತಿಗೂ ಗೊತ್ತಿಲ್ಲ, ಇಲ್ಲಿಯಾದರೂ ಗಾಜು, ಒಳಗೆ ಯಾರು ಕುಳಿತಿದ್ದಾರೆ ಎಂದು ಕಾಣುತ್ತದೆ, ಅದೇ ಕಷ್ಟ. ಪೂಜೆ ಮಾತ್ರ ನಿಮ್ಮ ಕೈಯಲ್ಲೇ ಆಗ್ಬೇಕು, ದೇವಸ್ಥಾನದ ಮನೆತನ, ಅಂದರು ಶಂಭುಲಿಂಗಪ್ಪ. ವಾರಕ್ಕೆ ಮೂರು ನಿಮಿಷ ಅವಳಿಗೂ ಒಳಗೆ ಪ್ರವೇಶ. ಮಿಷಿನ್ನಿನ ಹಣೆಗೆ ಕುಂಕುಮ, ಒಂದು ರಸಬಾಳೆ, ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ.

ಮೊದಲ ಶುಕ್ರವಾರ ಗೊತ್ತಿರಲಿಲ್ಲ, ದೇವರಾಣೆ ಗೊತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಬಾಳೆಹಣ್ಣು ಇಟ್ಟಳು, ಊದುಬತ್ತಿ ಮುಂದಕ್ಕೆ ವಾಲಿತು, ಕೆಳಗೆ ಫ್ಲಾಪಿ ತೂರಿಸುವ ಬಾಯಿ ತೆರೆದಿತ್ತು, ಒಳಗೆ ಫ್ಯಾನು ತಿರುಗುತ್ತಿತ್ತು, ಹೊಗೆ ಮೇಲಕ್ಕೆ ಹೋಗದೆ ಬಗ್ಗಿ ಆ ಬಾಯೊಳಗೆ ಹೋಯಿತು, ಬೂದಿಯ ಎಳೆಯೊಂದು ಮುರಿದು ಅದರ ಹಿಂದೆಯೇ ಹೋಯಿತು. ಅವಳೊಬ್ಬಳೇ ನೋಡಿದಳು. ಸೋಮವಾರ ಮಿಷಿನ್ನು ಏಳುವುದಕ್ಕೆ ಐದು ನಿಮಿಷ ಹಿಡಿಯಿತು, ಮುಂಚೆ ಒಂದೇ ನಿಮಿಷ, ಸಾಕಮ್ಮ ಕೆನ್ನೆಗೆ ಕೈ ಕೊಟ್ಟು ಕುಳಿತಳು, ಚಂಪಕಳಿಗೆ ಆ ದಿನದ ಕಾಫಿ ಬಹಳ ರುಚಿಯಾಗಿತ್ತು. ಎರಡನೇ ಶುಕ್ರವಾರ ಬಾಳೆಹಣ್ಣು ಎರಡು ಬೆರಳು ಮುಂದಕ್ಕೆ ಬಂತು. ಬಂತು ಅಂದರೆ, ತಾನಾಗಿ ಬಂತೇ. ಮೂರನೇ ಶುಕ್ರವಾರ ಇನ್ನೂ ಎರಡು ಬೆರಳು, ಅಂಚಿಗೆ, ಸರಿಯಾಗಿ ಬಾಯಿಯ ಮೇಲಕ್ಕೆ, ಒಂದರ ಬದಲು ಮೂರು ಕಡ್ಡಿ. ಈ ವಾರ ಅದು ಎದ್ದೇ ಇಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ಬೇರೆ ಫ್ಲಾಪಿ ಬಂತು, ಅದನ್ನು ಹಾಕಿದರೂ ಅಷ್ಟೇ, ಸಾಕಮ್ಮ ವೈರು ಕಿತ್ತು ಒರೆಸಿ ಸಿಕ್ಕಿಸಿದಳು, ಅಷ್ಟೇ, ಧೂಳೇನಾದ್ರೂ ಸೇರಿದ್ಯೇನಮ್ಮ ಎಂದು ಇಂಜಿನಿಯರು ಕೇಳಿದರೆ, ಇಲ್ಲ ಸಾ, ಚಪ್ಲೀನೂ ಒರಗೇ ಬುಡ್ತೀವಿ, ದಿನಾ ಒರುಸ್ತೀನಿ ಸಾ, ಅಂದಳು ಹುಡುಗಿ, ಫೋನಿನ ಪಕ್ಕದಲ್ಲೇ ಚಂಪಕ ನಿಂತಿದ್ದಳು. ಇವತ್ತು ಮಧ್ಯಾಹ್ನ ಕಡೆಯ ಗಡುವು, ಶಂಭುಲಿಂಗಪ್ಪ ಬೆಳಿಗ್ಗೆಯೇ ಅಂದಿದ್ದಾರೆ, ಅಷ್ಟೊತ್ತಿಗೂ ಆಗ್ದಿದ್ರೆ ಮಿಷಿನ್ ವಾಪಸ್ಸು, ನೀನು ನರಸೀಪುರಕ್ಕೆ ವಾಪಸ್ಸು ಕಣಮ್ಮ, ಮೂಟೆಗೆ ಚೀಟಿ ಹೊಲಿಯೋಕೆ. ಮೂಟೆಗೆ ಚೀಟಿ. ಸರಿಯಾಯಿತು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ — ಆದರೆ ದಬ್ಬಳ ಚುಚ್ಚಿ ಆ ಕಿರುಬೆರಳಲ್ಲಿ ರಕ್ತ ಬಂದಿತ್ತಲ್ಲ, ಅದಕ್ಕೆ ತಾನೇ ಅವಳನ್ನು ಕರೆದು ಕೂರಿಸಿದ್ದು, ಸೀರೆ ಸೆರಗು ಹರಿದು ಕಟ್ಟಿದ್ದು, ಅದೆಲ್ಲ ಈಗ ಯಾಕೆ ನೆನಪಾಗಬೇಕು.

ಬಾಗಿಲು ತೆರೆಯಿತು, ತಣ್ಣಗಿನ ಗಾಳಿ ಬಂತು, ಸಾಕಮ್ಮ ಬರಿಗಾಲಲ್ಲಿ ಎದುರು ನಿಂತಿದ್ದಾಳೆ, ಕಣ್ಣು ಊದಿದೆ. ಅಕ್ಕ, ನಂಗೇನೂ ತೋಚಾಕಿಲ್ಲ, ಬಂದು ಪೂಜೆ ಮಾಡ್ಕೊಡಿ, ನಿಮ್ ಕೈಗುಣ ಚೆಂದಾಗದೆ, ನಂಗೆ ಕಲ್ಸಿದ್ದೂ ಆ ಕೈಯೇ ಅಲ್ವಾ. ಹೇಳಿಬಿಡು, ಈಗಲೇ ಹೇಳು, ಇವತ್ತು ಊದುಬತ್ತಿ ಬೇಡ ಕಣೇ, ಬಾಯೊಳಗೆ ಬೂದಿ ಇದೆ, ಇಂಜಿನಿಯರಿಗೆ ಅಷ್ಟು ಹೇಳು ಸಾಕು — ಯಾಕೆ ಬಿತ್ತು ಅಂದರೆ, ಹೇಗೆ ಬಿತ್ತು ಅಂದರೆ, ನಾಲ್ಕು ಬೆರಳು ಯಾರು ಸರಿಸಿದರು ಅಂದರೆ, ದೇವಸ್ಥಾನದ ಮನೆತನ ಅಂದರೆ. ಚಪ್ಪಲಿ ಬಿಟ್ಟಳು, ಒಳಗೆ ಬಂದಳು, ಕುಂಕುಮ ಇದೆ, ಬಾಳೆಹಣ್ಣು ಆಗಲೇ ಪೆಟ್ಟಿಗೆಯ ಮೇಲಿದೆ, ಅಂಚಿನಲ್ಲಿ, ಸರಿಯಾಗಿ ಬಾಯಿಯ ಮೇಲೆ. ನೀವು ಮಡಗೋ ಜಾಗ್ದಲ್ಲೇ ಮಡಗಿವ್ನಿ ಕಣಕ್ಕ, ಅಂದಳು ಸಾಕಮ್ಮ, ಒಂದಿಷ್ಟೂ ಆಕಡೀಕಡೆ ಮಾಡಿಲ್ಲ. ಮೂರು ಕಡ್ಡಿಯನ್ನೂ ಅವಳೇ ಹಚ್ಚಿ ಚಂಪಕಳ ಕೈಗೆ ಕೊಟ್ಟಳು, ಕಣ್ಣು ಮುಚ್ಚಿದಳು, ತುಟಿ ಅಲ್ಲಾಡುತ್ತಿದೆ, ಯಾವ ದೇವರೋ, ಚಂಪಕಳ ಕೈ ಕಡ್ಡಿ ಚುಚ್ಚಿತು, ಬಾಳೆಹಣ್ಣಿಗೆ, ಹೊಗೆ ಬಗ್ಗಿತು, ಬಾಯಿ ಬಿಡು ಚಂಪಕ, ಬಾಯಿ ಬಿಡು, ಹೊಗೆ ಒಳಗೆ ಹೋಗುತ್ತಿದೆ, ಸಾಕಮ್ಮನ ಕಣ್ಣು ಇನ್ನೂ ಮುಚ್ಚಿದೆ, ಬೂದಿಯ ಎಳೆ ಉದ್ದವಾಗುತ್ತಿದೆ, ಅದರ ಕೆಳಗೆ ಆ ಕೆಂಪು ದೀಪ, ಕಡಲೆಕಾಳಿನಷ್ಟು, ಆರುವುದಿಲ್ಲ, ಕೆಂಪು ದೀಪ.