ಎಡಗಾಲಿನ ತುಳಿಹಲಗೆ

ನಾನು ಒಂದು ತುಳಿಹಲಗೆ. ಕುಣಿಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಯೊಳಗೆ, ನೇಯುವವರ ಎಡಗಾಲಿನ ಕೆಳಗೆ ನನ್ನ ಜಾಗ. ಬಲಗಾಲಿಗೆ ನನ್ನ ಜೊತೆಯದೊಂದಿದೆ. ಅದನ್ನು ತುಳಿದರೆ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಹೂಡಿದ ನೂಲಿನ, ಅರ್ಧ ಎಳೆಗಳು ಏಳುತ್ತವೆ, ನನ್ನನ್ನು ತುಳಿದರೆ ಉಳಿದರ್ಧ. ನಡುವೆ ಲಾಳಿ ಓಡುತ್ತದೆ. ಜನ ಒಬ್ಬರನ್ನೊಬ್ಬರು ಮುಖ ನೋಡಿ ಗುರುತು ಹಿಡಿಯುತ್ತಾರೆ. ನಾನು ಕಂಡದ್ದು ಅಂಗಾಲುಗಳನ್ನು ಮಾತ್ರ.

ಹಳ್ಳದ ದಂಡೆಯ ಜಾಲಿಮರದಲ್ಲಿ ನಾನು ಹುಟ್ಟಿದೆ. ಬಡಿಗೇರ ಮೌನಪ್ಪ ನನ್ನನ್ನು ಕೊಯ್ದು ಉಜ್ಜುವಾಗ ಮೈಯಲ್ಲೊಂದು ಗಂಟು ಕಂಡಿತು. ಗಂಟಿದ್ದ ಕಟ್ಟಿಗೆ ಬಾಳಿಕೆ ಬರುತ್ತದೆ ಎಂದು ಅದನ್ನು ಹಾಗೇ ಉಳಿಸಿದ. ಆಗ ಅದು ನನ್ನ ಮೈಯ ಮಟ್ಟಕ್ಕೇ ಇತ್ತು. ನನಗೂ ಅದರ ಮೇಲೆ ತುಸು ಹೆಮ್ಮೆ.

ನನ್ನನ್ನು ಕಟ್ಟಿದ್ದು ಗುಳೇದಗುಡ್ಡದ ಓಣಿಯೊಂದರಲ್ಲಿ, ಖಣ ನೇಯುವ ಮುರಿಗೆಪ್ಪನ ಮನೆಯಲ್ಲಿ. ಮೊದಲ ದಿನ ನನಗೆ ವಿಭೂತಿ ಹಚ್ಚಿದರು, ಹೂ ಏರಿಸಿದರು. ಕಾಲಿನ ಕೆಳಗೆ ಇರುವುದಕ್ಕೂ ಪೂಜೆ ಸಲ್ಲುವ ಮನೆ ಅದು. ಮುರಿಗೆಪ್ಪ ಬೆಳಗಾಗುತ್ತಲೇ ಕಾಲು ತೊಳೆದು, ಮಗ್ಗ ಮುಟ್ಟಿ ಶಿವನನ್ನು ನೆನೆದು ಕುಣಿಗೆ ಇಳಿಯುತ್ತಿದ್ದ. ಅಗಲವಾದ ಪಾದ, ಗಟ್ಟಿ ಹಿಮ್ಮಡಿ. ಮೂವತ್ತು ವರ್ಷ ಆ ಹಿಮ್ಮಡಿ ನನ್ನನ್ನು ತೇಯಿತು. ಸುತ್ತಲಿನ ಮೈ ಸವೆದು ತಗ್ಗಾಯಿತು, ಗಂಟು ಸವೆಯಲಿಲ್ಲ. ಉಸುಕು ಕೊಚ್ಚಿಹೋದ ಹಳ್ಳದಲ್ಲಿ ಕಲ್ಲು ತಲೆ ಎತ್ತಿದ ಹಾಗೆ ಅದು ಮೇಲೆದ್ದಿತು. ಮುರಿಗೆಪ್ಪನ ಗಟ್ಟಿ ಹಿಮ್ಮಡಿಗೆ ಅದು ಚುಚ್ಚುತ್ತಿರಲಿಲ್ಲ. ಹಾಗಾಗಿ ನಾನೂ ಅದರ ಬಗ್ಗೆ ಚಿಂತಿಸಲಿಲ್ಲ.

ಅವನ ಕಣ್ಣಿಗೆ ಪೊರೆ ಬಂದು ಬೆಳಕು ಹೋದ ಮೇಲೆ ಸೊಸೆ ನೀಲಗಂಗವ್ವ ಕುಣಿಗೆ ಇಳಿದಳು. ಇಳಿಯುವ ಮೊದಲು ಮಾವ ತನ್ನ ಪಾದದಲ್ಲಿ ಗಟ್ಟಿಯಾದ ಚರ್ಮದ ದಡ್ಡು ತೋರಿಸಿ, ಇದು ಮಗ್ಗ ಒತ್ತಿದ ಮುದ್ರೆ, ನಿನಗೂ ಬಂದರೆ ಕೆತ್ತಬೇಡ, ಕೆತ್ತಿದರೆ ಮಗ್ಗಕ್ಕೆ ಅಪಚಾರ ಎಂದ. ಪ್ರೀತಿಯಿಂದಲೇ ಹೇಳಿದ. ಅವನ ತಂದೆಯೂ ಅವನಿಗೆ ಹಾಗೇ ಹೇಳಿದ್ದನಂತೆ.

ಅವಳ ಪಾದ ಸಣ್ಣದು. ಹೆಬ್ಬೆರಳಿನ ಬುಡ ಸರಿಯಾಗಿ ನನ್ನ ಗಂಟಿನ ಮೇಲೇ ಬೀಳುತ್ತಿತ್ತು. ವರ್ಷ ತುಂಬುವುದರೊಳಗೆ ಅಲ್ಲಿ ಆಣಿ ಎದ್ದಿತು. ಮುರಿಗೆಪ್ಪನ ದಡ್ಡು ಮೇಲಷ್ಟೇ ಹರಡಿತ್ತು. ಇದು ಮೊಳೆಯಂತೆ ಒಳಕ್ಕೆ ಇಳಿದಿತ್ತು. ಅವಳು ತನಗೂ ಮುದ್ರೆ ಬಂತೆಂದು ಅದಕ್ಕೆ ವಿಭೂತಿ ಹಚ್ಚಿದಳು.

ಆಮೇಲೆ ನಡೆದದ್ದನ್ನು ಕೆಳಗಿನಿಂದ ಕಂಡದ್ದು ನಾನೊಬ್ಬನೇ. ನೋವು ತಪ್ಪಿಸಲು ಪಾದ ಹೊರ ಅಂಚಿಗೆ ವಾಲಿತು. ಪಾದದ ಹಿಂದೆ ಮೊಣಕಾಲು ತಿರುಗಿತು, ಸೊಂಟ ಒಂದು ಮಗ್ಗುಲಿಗೆ ಎದ್ದಿತು, ಬೆನ್ನು ಓರೆಯಾಯಿತು. ಕಂಬದ ಬುಡ ಜರುಗಿದರೆ ಚಪ್ಪರವೆಲ್ಲ ವಾಲುವುದಿಲ್ಲವೇ, ಹಾಗೆ. ಮರುವರ್ಷ ಬೆನ್ನುನೋವು. ಅದರ ಮರುವರ್ಷ ಕುತ್ತಿಗೆ, ತಲೆ.

ಬೆನ್ನಿಗೆ ಎಣ್ಣೆ ತಿಕ್ಕಿದರು, ಬೇವಿನೆಲೆಯ ಶಾಖ ಕೊಟ್ಟರು. ಯಾರದೋ ಮಾತು ಕೇಳಿ ಸೊಂಟಕ್ಕೆ ಕಾದ ಕಬ್ಬಿಣದ ಬರೆ ಹಾಕಿಸಿದರು. ಡಾಕ್ಟರು ಬೆನ್ನು ಮುಟ್ಟಿ ನೋಡಿ ಗುಳಿಗೆ ಬರೆದರು. ಕಾಲನ್ನು ಯಾರೂ ನೋಡಲಿಲ್ಲ, ಅವಳೂ ತೋರಿಸಲಿಲ್ಲ. ಹಿರಿಯರ ಮುಂದೆ ಸೊಸೆ ಕಾಲು ಚಾಚುವ ಮನೆಯಲ್ಲ ಅದು. ಅಲ್ಲದೆ, ಮಗ್ಗ ಕೊಟ್ಟ ಪ್ರಸಾದವನ್ನು ರೋಗವೆಂದು ಹೇಳುವುದಾದರೂ ಹೇಗೆ? ಪಕ್ಕದ ಮನೆಯ ಸಂಗವ್ವ ಮಾತ್ರ ಅವಳ ನಡಿಗೆ ನೋಡಿ ನಕ್ಕಳು. "ಏನವಾ, ಬಾತುಕೋಳಿ ಹೊಂಟಂಗ ಹೊಂಟೀಯಲ್ಲ. ಬೆನ್ನಾಗ ಏನರ ತತ್ತಿ ಇಟಗೊಂಡೀಯೇನ?" ನೀಲಗಂಗವ್ವನೂ ನಕ್ಕಳು. ನಗುವಾಗಲೂ ನೊಂದಿತೆಂದು ಕಾಣುತ್ತದೆ, ಪಾದ ಮುದುಡಿತು.

ನನಗೆ ಬಾಯಿಲ್ಲ. ನೋವಿನ ಬುಡ ನಾನೇ ಎಂದು ಕೂಗಲಾರೆ. ತುಳಿದಾಗಲೆಲ್ಲ ಕಿರುಗುಟ್ಟಿದೆ. ಅವಳು ನನ್ನ ಹಗ್ಗಕ್ಕೆ ಎಣ್ಣೆ ಹಾಕಿದಳು.

ಕೊನೆಗೆ ಗಂಡ ಶಿವಸಂಗಪ್ಪ, ಹೆಂಡತಿಯ ನರಳಾಟ ನೋಡಲಾರದೆ, ಈ ಹಾಸು ಮುಗಿದ ಮೇಲೆ ಮಗ್ಗ ಕಳಚಿಬಿಡೋಣ ಎಂದ. ಅವಳು ಲಾಳಿ ಕೆಳಗಿಟ್ಟಳು. ಆಮೇಲೆ, "ಇಲ್ಲಿ ಕುಂತಾಗಷ್ಟ ನನ್ನ ಮನಸ ನನ್ನ ಮಾತು ಕೇಳತೈತಿ. ಇದನ್ನೂ ಕಳಚಿದ್ರ ನಾ ಎಲ್ಲಿ ಕುಂದರ್‍ಲಿ?" ಎಂದಳು. ಹಾಸು ದಿನದಿನಕ್ಕೆ ತೀರುತ್ತಿತ್ತು. ಅವಳು ಬೇಕೆಂದೇ ನಿಧಾನ ನೇಯುತ್ತಿದ್ದಳು.

ಮುರಿಗೆಪ್ಪ ದಿನವೂ ಗೋಡೆಗೆ ಒರಗಿ ಮಗ್ಗದ ಸದ್ದು ಕೇಳುತ್ತಿದ್ದ. ಒಂದು ಬೆಳಿಗ್ಗೆ ನೇಯುವುದನ್ನು ನಿಲ್ಲಿಸೆಂದ.

"ನಿನ್ನ ಎಡಗಾಲು ತಡದು ಬೀಳಾಕತ್ತೈತಿ."

"ಬೆನ್ನು ಮಾವಾ, ಬೆನ್ನುಬ್ಯಾನಿ."

"ಬೆನ್ನು ನೊಂದ್ರ ಎರಡೂ ಕಾಲು ತಡಿಬೇಕಲ್ಲ. ಒಂದ ಯಾಕ?"

ಮುದುಕ ತಡಕಾಡುತ್ತ ಬಂದು, ಅವಳು ಬೇಡವೆನ್ನುತ್ತಿದ್ದರೂ ಕುಣಿಗೆ ಇಳಿದ. ಅವಳ ಕಾಲಿಗೆ ಕೈ ಹಾಕಿದ. ಅವಳು ಬೆಂಕಿ ತಾಕಿದಂತೆ ಹಿಂದೆಳೆದುಕೊಂಡಳು. ಮಾವ ಸೊಸೆಯ ಕಾಲು ಮುಟ್ಟಿದರೆ ಪಾಪ ಹತ್ತುತ್ತದೆ ಎಂದಳು.

"ಕೊಡವ್ವಾ. ಕಣ್ಣಿಲ್ಲದಾವಗ ಕಾಲ್ಯಾವ್ದು, ಕೈಯಾವ್ದು."

ಹೆಬ್ಬೆರಳಿನಿಂದ ಆಣಿಯನ್ನು ಒತ್ತಿದ. ಅವಳ ಕಾಲ್ಬೆರಳುಗಳೆಲ್ಲ ಮುದುಡಿದವು. ಅವನ ಕೈ ಅಲ್ಲಿಂದ ಜಾರಿ ನನ್ನ ಮೇಲೆ ಬಂತು, ತಗ್ಗಿನಲ್ಲಿ ಹರಿದು, ಗಂಟಿನ ಮೇಲೆ ನಿಂತಿತು. ಸೋಮವಾರ ಸೋಮವಾರ ಪೂಜೆ ಮಾಡಿದ ಕೈ ಅದು. ಅಂದು ಅದು ಗಂಟಿನ ಸುತ್ತ ಎರಡು ಸಲ ಸುತ್ತಿ ಬಂತು.

"ಇದು ಮುದ್ರಿ ಅಲ್ಲವ್ವಾ. ನಾ ತುಳದು ತುಳದು ಎಬ್ಬಿಸಿದ ಮುಳ್ಳು. ಅದನ್ನ ಪೂಜಾ ಮಾಡು ಅಂತ ನಿನಗ ನಾನ ಹೇಳೀನಿ."

ಅಂದೇ ನನ್ನನ್ನು ಬಿಚ್ಚಿದರು. ಕೆತ್ತಿ ಸಮ ಮಾಡಲು ನೋಡಿದರು, ಆದರೆ ನಾನು ತೀರ ತೆಳುವಾಗಿದ್ದೆ. ಹೊಸ ಹಲಗೆ ಬಂತು. ಆಸ್ಪತ್ರೆಯ ನರ್ಸಮ್ಮ ವಾರವಾರವೂ ಪಟ್ಟಿ ಹಚ್ಚಿ ಆಣಿಯನ್ನು ಮೆದುಮಾಡಿ ತೆಗೆದಳು. ಮೊದಲು ತಲೆನೋವು ಹೋಯಿತು, ಆಮೇಲೆ ಕುತ್ತಿಗೆ ಹಗುರಾಯಿತು. ಸೊಂಟ ಮಾತ್ರ ಈಗಲೂ ಕೆಲವು ದಿನ ಹಿಡಿಯುತ್ತದೆಯಂತೆ. ಹಾಸು ಮುಗಿದ ದಿನ ಶಿವಸಂಗಪ್ಪ ಮಗ್ಗ ಕಳಚಲಿಲ್ಲ. ಹೊಸ ಹಾಸು ತಂದು ಹೂಡಿದ.

ನನ್ನನ್ನು ಒಲೆಗೆ ಹಾಕಲು ಅವಳು ಬಿಡಲಿಲ್ಲ. ಹಿತ್ತಲಿನ ಗೋಡೆಗೆ ಒರಗಿಸಿಟ್ಟಿದ್ದಾಳೆ. ಇಷ್ಟು ಪೂಜೆ ಉಂಡು ಇಷ್ಟು ನೋವು ಕೊಟ್ಟೆನಲ್ಲ ಎಂದು ಇಲ್ಲಿ ಕೂತು ನೆನೆಯುತ್ತೇನೆ. ಕೂಗಿದ್ದು ಬೆನ್ನು, ಎಲ್ಲರೂ ಬೆನ್ನಿನ ಕಡೆಗೇ ಓಡಿದರು. ಕೂಗಲಾರದ ಕಾಲು ಕೆಳಗೆ ಕತ್ತಲಲ್ಲಿ ಉಳಿಯಿತು.

ದಿನವೂ ಅವಳು ನೀರು ತರಲು ನನ್ನ ಮುಂದೆ ಹಾಯುತ್ತಾಳೆ. ಬಲಗಾಲು ಗಟ್ಟಿಯಾಗಿ ಬೀಳುತ್ತದೆ. ಎಡಗಾಲು ಮೊದಲು ಮೆಲ್ಲಗೆ ಮುಟ್ಟಿ, ಒಂದು ಕ್ಷಣ ತಡೆದು, ಆಮೇಲೆ ಊರುತ್ತದೆ. ಅದು ಇನ್ನೂ ನೆಲವನ್ನು ನಂಬಿಲ್ಲ. ಶಿವನೇ, ನಾನು ಮಣ್ಣಾಗುವುದರೊಳಗೆ ಅದು ನಂಬಲಿ.