ಅತ್ತೆ ಯಾರಿಗಾಗಿ ಕಾಯುತ್ತಿದ್ದಳು

"ನಮ್ಮತ್ತಿ ನಿಮ್ಮನ್ನ ಮದುವಿ ಆಗಂಗಿಲ್ರಿ. ಆಕಿ ಇನ್ನೊಬ್ರಿಗೆ ಕಾಯಾಕತ್ಯಾಳ."

ಹೇಳಿಬಿಟ್ಟ ಮೇಲೆ ಪಂಪಾವತಿಗೆ ಅದು ತನ್ನ ಧ್ವನಿಯೇ ಅಲ್ಲ ಅನ್ನಿಸಿತು. ಹಿತ್ತಲಲ್ಲಿ ಬಗ್ಗಿ ಕೈ ತೊಳೆಯುತ್ತಿದ್ದ ಯಲ್ಲೇಶ ಹಾಗೆಯೇ ನಿಂತುಬಿಟ್ಟ. ಅವಳು ತಂಬಿಗೆಯಿಂದ ಹೊಯ್ಯುತ್ತಿದ್ದ ನೀರು ಅವನ ಬೆರಳ ಸಂದಿಯಿಂದ ಸುರಿದು ಕರಿಬೇವಿನ ಗಿಡದ ಬುಡಕ್ಕೆ ಹರಿಯಿತು. ಒಳಗೆ ಪಡಸಾಲೆಯಲ್ಲಿ ಹಿರಿಯರು ನಗುತ್ತಾ ಮಾತಾಡುವುದು ಕೇಳುತ್ತಿತ್ತು.

"ಯಾರಿಗವ್ವಾ?" ಅವನು ಮೆಲ್ಲಗೆ ಕೇಳಿದ.

"ಅದನ್ನ ನಾ ಹೇಳಬಾರದ್ರಿ."

ಅವನು ನೆಟ್ಟಗಾದ. "ಹಂಗಾದ್ರ ನಾ ನಡುವ ಬರಬಾರದು" ಅಂದ. ಕರವಸ್ತ್ರದಲ್ಲಿ ಕೈ ಒರೆಸಿಕೊಂಡು ಒಳಗೆ ಹೋಗಿ, ಕೊಟ್ಟ ಚಹಾ ಕುಡಿದು, ಎಲ್ಲರಿಗೂ ಕೈಮುಗಿದು ಹೊರಟುಹೋದ. ಹೆಣ್ಣು ನೋಡಲು ಬಂದವನು ಹೊರಡುವಾಗ ಅತ್ತೆಯ ಕಡೆ ತಿರುಗಿಯೂ ನೋಡಲಿಲ್ಲ ಎಂಬುದನ್ನು ಪಂಪಾವತಿ ಗಮನಿಸಿದಳು. ಅವಳಿಗೆ ತನ್ನ ಬಗ್ಗೆಯೇ ಹೆಮ್ಮೆಯೆನಿಸಿತು.

ಪಂಪಾವತಿ ಏಳನೇ ತರಗತಿ ಮುಗಿಸಿ ಬೇಸಿಗೆ ರಜೆಯಲ್ಲಿದ್ದ ಹುಡುಗಿ. ಬುಕ್ಕಸಾಗರದ ಆ ಮನೆಯಲ್ಲಿ ಎಲ್ಲರೂ ಅವಳನ್ನು ಪಂಪಿ ಎಂದೇ ಕರೆಯುತ್ತಿದ್ದರು. ಅಪ್ಪ ಅವ್ವ ಬೆಳಗಾದರೆ ಗದ್ದೆಗೆ ಹೋಗುತ್ತಿದ್ದರು. ಅಜ್ಜಿ ಜಂಬವ್ವ ಕಟ್ಟೆಯ ಮೇಲೆ ಕೂತು ಹಾದುಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಹೀಗಾಗಿ ಪಂಪಿ ಬೆಳೆದದ್ದೆಲ್ಲ ಅಪ್ಪನ ತಂಗಿ ಚಂದ್ರಕಲಾ ಅತ್ತೆಯ ಹೊಲಿಗೆ ಮಷಿನ್ನಿನ ಪಕ್ಕದಲ್ಲಿ. ಅಜ್ಜ ಲಕ್ವ ಹೊಡೆದು ಮಲಗಿದಾಗ ಅವನ ಬಾಯಿಗೆ ಗಂಜಿ ಹಾಕಿದವಳು, ಮೈ ಒರೆಸಿದವಳು ಅತ್ತೆ. ವರ್ಷಗಟ್ಟಲೆ ಮಲಗಿದ್ದು ಅಜ್ಜ ತೀರಿಹೋಗುವ ಹೊತ್ತಿಗೆ ಅವಳಿಗೆ ಬರುವ ಸಂಬಂಧಗಳೂ ನಿಂತಿದ್ದವು. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಪಂಪಿಗೂ ಗೊತ್ತಿತ್ತು. ಆದರೆ ಅವಳಿಗೆ ಇಷ್ಟು ಸಾಲದು. ಒಬ್ಬ ಹೆಂಗಸು ಮದುವೆಯಾಗದೆ ಉಳಿಯಬೇಕೆಂದರೆ ಅದಕ್ಕೆ ಗಂಜಿಗಿಂತ ದೊಡ್ಡ ಕಾರಣ ಇರಲೇಬೇಕು.

ಆ ಕಾರಣ ಅವಳಿಗೆ ಹಂಪಿಯಲ್ಲಿ ಸಿಕ್ಕಿತ್ತು. ಅತ್ತೆ ಪ್ರವಾಸಿಗರಿಗೆಂದು ಕನ್ನಡಿ ಚೂರುಗಳ ಬಟ್ಟೆಚೀಲ ಹೊಲಿಯುತ್ತಿದ್ದಳು. ವಾರಕ್ಕೊಮ್ಮೆ ಅವುಗಳನ್ನು ಗಂಟು ಕಟ್ಟಿ ದುರ್ಗಕ್ಕನ ಅಂಗಡಿಗೆ ಕೊಟ್ಟು ಬರುವಾಗ ಪಂಪಿಯೂ ಜೊತೆಗೆ ಹೋಗುತ್ತಿದ್ದಳು. ಕೊಟ್ಟಾದ ಮೇಲೆ ಅತ್ತೆ ನೇರ ಬಸ್ಸಿಗೆ ಬರುತ್ತಿರಲಿಲ್ಲ. ಹಂಪಿ ಬಜಾರಿನ ಕಲ್ಲುಮಂಟಪಗಳ ಸಾಲಿನಲ್ಲಿ ಒಂದರ ನೆರಳಿಗೆ ಹೋಗಿ ಕೂತು, ಚಪ್ಪಲಿ ಬಿಟ್ಟು, ಹೊಳೆಯ ಕಡೆ ತಿರುಗುವ ದಾರಿಯನ್ನೇ ನೋಡುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಆ ಮುಖ ಮನೆಯಲ್ಲಿ ಯಾವತ್ತೂ ಕಾಣದ ಮುಖ.

ಹಾಗೆ ಪಂಪಿಯ ಮನಸ್ಸಿನಲ್ಲಿ ಹುಟ್ಟಿದವನು ಸಾಗರ್. ಬಿಳಿ ಅಂಗಿ, ಹೆಗಲಿಗೆ ಕ್ಯಾಮೆರಾ, ಹಣೆಯ ಮೇಲೆ ಬೀಳುವ ಕೂದಲು. ಹೊಳೆ ಉಕ್ಕಿದ ದಿನ ಹರಗೋಲು ಹತ್ತಿ ಆಚೆ ದಡಕ್ಕೆ ಹೋದವನು, 'ಇದೇ ಮಂಟಪದಲ್ಲಿ ಕಾಯ್ತಿರು' ಎಂದು ಹೇಳಿ ಹೋದವನು. ಕೆಲವು ದಿನ ಅವನು ಸೈನಿಕನೂ ಆಗುತ್ತಿದ್ದ. ಪಂಪಿ ಅವನನ್ನು ಯಾರಿಗೂ ಹೇಳಿರಲಿಲ್ಲ. ಹಾಸಿಗೆಯಲ್ಲಿ ಮಲಗಿ ಅವನು ಮರಳಿ ಬರುವ ಗಳಿಗೆಯನ್ನು ಕಟ್ಟಿಕೊಂಡು ಅಳುತ್ತಿದ್ದಳು. ದಿನ ಹೋದಂತೆ ಅವಳಿಗೆ ಅವನು ನಿಜವೇ ಆಗಿಬಿಟ್ಟಿದ್ದ.

ಅಂಥವನ ಜಾಗಕ್ಕೆ ಬಂದವನು ಈ ಯಲ್ಲೇಶ! ದೋಣಿಮಲೈ ಗಣಿಯ ನೌಕರರನ್ನು ಕರೆದೊಯ್ಯುವ ಬಸ್ಸಿನ ಡ್ರೈವರ್. ನೆತ್ತಿ ಬೋಳಾಗಿತ್ತು. ಹೆಂಡತಿ ತೀರಿಹೋಗಿ ಎರಡನೇ ತರಗತಿಯ ಮಗಳಿದ್ದಳು. ಜೊತೆಗೆ ಬಂದ ಅವನ ಅಕ್ಕ ಆ ಮಗುವಿನ ಫ್ರಾಕುಗಳೆಲ್ಲ ಗಿಡ್ಡವಾಗಿವೆ ಎಂದು ಹೇಳಿಕೊಳ್ಳುತ್ತಿದ್ದಳು. ಎಲ್ಲರೂ 'ಏನರ ಕೇಳಪ್ಪಾ' ಎಂದು ಒತ್ತಾಯಿಸಿದಾಗ ಅವನು ಗಂಟಲು ಸರಿಮಾಡಿಕೊಂಡು ಅತ್ತೆಯನ್ನು ಕೇಳಿದ್ದು ಒಂದೇ ಮಾತು: "ನಿಮ್ಮ ಮಷಿನ್ ಕರೆಂಟಿನ್ದಾ, ಕಾಲೀಲೆ ತುಳಿಯೋದಾ?" ಪಂಪಿಗೆ ನಗುವೂ ಬಂತು, ಸಿಟ್ಟೂ ಬಂತು. ಆಗಲೇ ಅವಳು ತಂಬಿಗೆ ಹಿಡಿದು ಅವನ ಹಿಂದೆ ಹಿತ್ತಲಿಗೆ ಹೋದದ್ದು.

ನಾಲ್ಕೈದು ದಿನ ಆ ಕಡೆಯಿಂದ ಸುದ್ದಿಯಿಲ್ಲ. ಆಮೇಲೆ ಸಂಬಂಧ ತಂದಿದ್ದ ಭರಮಣ್ಣ ಬಂದು ಕಟ್ಟೆಯ ತುದಿಯಲ್ಲಿ ಕೂತ.

"ಬ್ಯಾಡ ಅಂದಾರವ್ವ. ಹುಡುಗಿಗೆ ಮನಸ್ಸಿಲ್ಲಂತ ಅವಗ ಅನ್ನಿಸೈತಂತ. ಅದಕ್ಕಿಂತ ಹೆಚ್ಚಿಗಿ ಬಾಯಿ ಬಿಡವಲ್ಲ."

ಜಂಬವ್ವ ಸೆರಗು ಕೊಡವಿ ಎದ್ದು ಮಗಳ ಕಡೆ ತಿರುಗಿದಳು. "ಏನಂದ್ಯವ್ವ ಅವರಿಗೆ? ಮಾರಿ ಗಂಟು ಹಾಕ್ಕೊಂಡು ಕುಂತಿದ್ಯನು?"

"ನಾ ಏನಂದೆ ಯವ್ವಾ? ಮಷಿನ್ ಕೇಳಿದ್ರು, ಕಾಲಿಂದು ಅಂದೆ. ಅಷ್ಟ" ಅಂದಳು ಅತ್ತೆ. ಅವಳ ಕೈಯಲ್ಲಿ ಕತ್ತರಿ ಹಾಗೆಯೇ ಇತ್ತು.

ಆ ಸಂಜೆಯೆಲ್ಲ ಪಂಪಿ ಕುಣಿದಾಡಿದಳು. ಹೊಳೆಯಾಚೆ ಎಲ್ಲಿದ್ದರೂ ಸಾಗರ್ ತನಗೆ ಋಣಿಯಾಗಿರುತ್ತಾನೆ ಎಂದುಕೊಂಡಳು.

ಮರುದಿನ ಮಧ್ಯಾಹ್ನ ನೀರು ಕುಡಿಯಲು ಒಳಗೆ ಬಂದಾಗ ಅತ್ತೆ ಮಷಿನ್ನಿಗೆ ಬೆನ್ನು ಮಾಡಿ ನೆಲದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಗಿಳಿಹಸಿರು ಬಣ್ಣದ ಪುಟ್ಟ ಫ್ರಾಕು. ತೋಳು ಕೂಡಿಸಿ, ಕುತ್ತಿಗೆಗೆ ಬಿಳಿ ಲೇಸು ಹಚ್ಚಿ, ಕೆಳಗಿನ ಅಂಚು ಮಡಿಸುವುದೊಂದು ಬಾಕಿಯಿತ್ತು. ಅತ್ತೆ ಬ್ಲೇಡಿನ ಮೂಲೆಯಿಂದ ಆ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು. ಬಿಚ್ಚಿದ ದಾರವನ್ನು ಹಲ್ಲಿನಿಂದ ಎಳೆದು ಪಕ್ಕಕ್ಕೆ ಹಾಕುತ್ತಿದ್ದಳು.

"ಯಾರದತ್ತಿ ಅದು?"

"ಯಾರದೂ ಅಲ್ಲ. ಚೀಲಕ್ಕ ಬರ್ತೈತಿ ಬಟ್ಟಿ" ಅಂದಳು ಅತ್ತೆ. ತಲೆ ಎತ್ತಲಿಲ್ಲ. ಬ್ಲೇಡು ಬೆರಳಿಗೆ ತಾಗಿ ರಕ್ತ ಬಂದದ್ದನ್ನು ಬಾಯಿಗಿಟ್ಟು ಚೀಪಿದಳು, ಮತ್ತೆ ಬಿಚ್ಚತೊಡಗಿದಳು.

ಪಂಪಿ ನೀರು ಕುಡಿಯದೆ ಹೊರಗೆ ಬಂದಳು. ಆ ರಾತ್ರಿ ಸಾಗರನನ್ನು ಎಷ್ಟು ಕರೆದರೂ ಬರಲಿಲ್ಲ. ಬಿಳಿ ಅಂಗಿ ಕಂಡಿತು, ಮುಖ ಕಾಣಲಿಲ್ಲ.

ಸೋಮವಾರ ಚೀಲದ ಗಂಟು ಕೊಟ್ಟು ಬಂದಾಗ ಬಿಸಿಲು ಕುದಿಯುತ್ತಿತ್ತು. ಪ್ರವಾಸಿಗರಿಲ್ಲದ ಬಜಾರು ಬಣಗುಟ್ಟುತ್ತಿತ್ತು. ಅತ್ತೆ ಎಂದಿನಂತೆ ಮಂಟಪದ ನೆರಳಿಗೆ ಹೋಗಿ ಚಪ್ಪಲಿ ಬಿಟ್ಟಳು. ಪಂಪಿ ಅವಳ ಪಕ್ಕ ಕೂತು ಬಹಳ ಹೊತ್ತು ಕಲ್ಲನ್ನು ಉಗುರಿನಿಂದ ಕೆರೆದಳು.

"ಅತ್ತಿ, ನೀ ಇಲ್ಲಿ ಯಾರಿಗೆ ಕಾಯ್ತಿ?"

"ನಾನಾ?" ಅತ್ತೆ ನಕ್ಕುಬಿಟ್ಟಳು. "ಯಾರಿಗೆ ಕಾಯಬೇಕಲೇ ನಾನು? ಇಲ್ಲಿ ಕುಂತ್ರ ಯಾರೂ ಚಾ ಮಾಡು ಅನ್ನಂಗಿಲ್ಲ, ಗುಂಡಿ ಹಚ್ಚು ಅನ್ನಂಗಿಲ್ಲ. ಅದಕ್ಕ ಕುಂದರ್ತೀನಿ. ತಂಪು ಇರ್ತೈತಿ."

"ಮತ್ತ ಆ ದಾರಿ ಯಾಕ ನೋಡ್ತಿ?"

"ಕಣ್ಣು ಎಲ್ಲರೆ ಒಂದು ಕಡಿ ನೋಡಬೇಕಲ್ಲ!"

ಪಂಪಿ ಎಲ್ಲವನ್ನೂ ಹೇಳಿದಳು: ತಂಬಿಗೆ, ಹಿತ್ತಲು, ತಾನು ಆಡಿದ ಮಾತು. ಸಾಗರನ ಹೆಸರನ್ನು ಹೇಳುವಾಗ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಪೆಟ್ಟು ಬೀಳುತ್ತದೆಂದು ಕಾದಳು. ಅತ್ತೆ ಕೈ ಎತ್ತಲಿಲ್ಲ. ಇಷ್ಟೇ ಕೇಳಿದಳು:

"ಅವರು ಏನಂದ್ರು?"

"ಹಂಗಾದ್ರ ನಾ ನಡುವ ಬರಬಾರದು ಅಂದ್ರು."

"ಹಂಗಂದ್ರಾ?" ಅತ್ತೆ ತನ್ನ ಬರಿಗಾಲನ್ನು ನೋಡಿಕೊಂಡಳು. "ಇಷ್ಟು ಮಂದಿ ನೋಡಾಕ ಬಂದ್ರಲ್ಲ ಪಂಪಿ, ಬಂಗಾರ ಎಷ್ಟು ಅಂತ ಕೇಳಿದ್ರು, ವಯಸ್ಸೆಷ್ಟು ಅಂತ ಕೇಳಿದ್ರು. ಮಷಿನ್ ಬಗ್ಗೆ ಕೇಳಿದವ್ರು ಇವರೊಬ್ರ. ಗಣಿ ಕ್ವಾಟ್ರಸ್‌ನ್ಯಾಗ ಅದನ್ನ ಎಲ್ಲಿ ಇಡಬೇಕು ಅಂತ ಯೋಚನಿ ಮಾಡ್ಯಾರ, ಅದಕ್ಕ ಕೇಳ್ಯಾರ."

ಪಂಪಿ ಅಳತೊಡಗಿದಳು. ಅತ್ತೆ ಸಮಾಧಾನ ಮಾಡಲಿಲ್ಲ. ಚಪ್ಪಲಿ ಮೆಟ್ಟಿ ಎದ್ದು ನಿಂತಳು.

"ನಡಿ."

"ಎಲ್ಲಿಗತ್ತಿ?"

"ದೋಣಿಮಲೈಗೆ. ಹೇಳಿದಾಕಿ ನೀನು. ನೀನ ಹೇಳಬೇಕು."

ಹೊಸಪೇಟೆಗೆ ಒಂದು ಬಸ್ಸು, ಸಂಡೂರಿಗೆ ಇನ್ನೊಂದು, ಅಲ್ಲಿಂದ ಮತ್ತೊಂದು. ದಾರಿಯಲ್ಲಿ ಅತ್ತೆ ಮನೆಗೆ ಫೋನು ಮಾಡಿ 'ಬರೂದು ತಡ ಆಗ್ತೈತಿ' ಎಂದಷ್ಟೇ ಹೇಳಿದಳು. ಸಂಡೂರು ದಾಟಿದ ಮೇಲೆ ರಸ್ತೆ, ಮರದೆಲೆ, ಹೋಟೆಲಿನ ಬೋರ್ಡು ಎಲ್ಲವೂ ಗಣಿಧೂಳಿಗೆ ಕೆಂಪು. ಪಂಪಿ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಳು. ಪ್ರತಿಸಲವೂ ಅದು ಚೆಂದವಾಗುತ್ತಿತ್ತು, ಚೆಂದವಾದಷ್ಟೂ ಸುಳ್ಳಾಗುತ್ತಿತ್ತು.

ಗಣಿಯ ಟೌನ್‌ಶಿಪ್ಪಿನ ಬಸ್ ನಿಲ್ದಾಣದಲ್ಲಿ ವಿಚಾರಿಸಿದಾಗ ಪಾಳಿ ಮುಗಿಸಿದವರ ಬಸ್ಸು ಇನ್ನೇನು ಗುಡ್ಡದಿಂದ ಇಳಿದು ಬರುತ್ತದೆ ಎಂದರು. ಬಂತು. ಎಲ್ಲರೂ ಇಳಿದ ಮೇಲೆ ಕೊನೆಗೆ ಡ್ರೈವರಿನ ಬಾಗಿಲಿನಿಂದ ಯಲ್ಲೇಶ ಇಳಿದ. ಖಾಕಿ ಅಂಗಿ, ಕೈಯಲ್ಲಿ ಟಿಫಿನ್ ಡಬ್ಬಿ. ಅವರನ್ನು ನೋಡಿ ಅವನು ಡಬ್ಬಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ.

"ಹೇಳು" ಅಂದಳು ಅತ್ತೆ.

ಜೋಡಿಸಿಕೊಂಡಿದ್ದ ಮಾತೆಲ್ಲ ಎತ್ತಲೋ ಹೋಯಿತು. "ನಾ ಸುಳ್ಳು ಹೇಳಿದೆರಿ. ಅತ್ತಿ ಯಾರಿಗೂ ಕಾಯಾಕತ್ತಿಲ್ಲ. ಅದು... ಅದು ನಾನ ಕಟ್ಟಿದ್ದು."

ಯಲ್ಲೇಶ ಅವಳನ್ನು ಬೈಯಲಿಲ್ಲ. ಅತ್ತೆಯ ಕಡೆ ನೋಡಿ, "ನನಗ ನಿಮ್ಮನ್ನ ಕೇಳಾಕ ಧೈರ್ಯ ಬರಲಿಲ್ರಿ" ಅಂದ. "ಈ ಹುಡುಗಿ ಹೆಸರು ತಗೊಂಡ್ರ ಮನ್ಯಾಗ ಹೊಡಿತಾರಂತ ಭರಮಣ್ಣಗೂ ಹೇಳಲಿಲ್ಲ." ಡಬ್ಬಿಯ ಕಡೆ ನೋಡುತ್ತಾ ಸೇರಿಸಿದ, "ನಮ್ಮಕ್ಕ ಕಂಪ್ಲಿ ಕಡೆ ಒಂದು ಸಂಬಂಧ ನೋಡ್ಯಾಳ. ಬುಧವಾರ ಹೋಗಬೇಕು ಅಂದಾಳ."

"ಹೋಗಿ ಬರ್ರಿ" ಅಂದಳು ಅತ್ತೆ. ಕೈಯಲ್ಲಿದ್ದ ಖಾಲಿ ಚೀಲ ಮುದ್ದೆಯಾಗುತ್ತಿತ್ತು. "ಅದನ್ನ ಬಿಡಿಸಾಕ ನಾ ಬಂದಿಲ್ರಿ. ನನ್ನ ಬಗ್ಗೆ ಒಂದು ಸುಳ್ಳು ನಿಮ್ಮ ಹತ್ರ ಉಳಿಬಾರದು, ಅದಕ್ಕ ಬಂದೆ."

ಈಗ ಏನಾದರೂ ಆಗುತ್ತದೆ ಎಂದು ಪಂಪಿ ಇಬ್ಬರನ್ನೂ ನೋಡಿದಳು. ಗಾಳಿ ಬೀಸಬಹುದು, ಅವನು ಅತ್ತೆಯ ಕೈ ಹಿಡಿಯಬಹುದು. ಯಲ್ಲೇಶ ಬೋಳು ನೆತ್ತಿಯ ಬೆವರು ಒರೆಸಿಕೊಂಡು, "ಉಂಡೀರೇನ್ರಿ?" ಎಂದು ಕೇಳಿದ.

ಉಂಡಿರಲಿಲ್ಲ. ಎದುರಿನ ಹೋಟೆಲಿನಲ್ಲಿ ಅವನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದ. ಪಂಪಿಯ ಬಜ್ಜಿಯಿಂದ ಮೆಣಸಿನಕಾಯಿ ತೆಗೆದು ಬರಿಯ ಹಿಟ್ಟನ್ನು ಅವಳ ಮುಂದೆ ಸರಿಸಿದ. ಮಗಳಿಗೆ ಮಾಡಿ ಮಾಡಿ ಅಭ್ಯಾಸವಾದ ಕೈ. ಅತ್ತೆ ಮತ್ತು ಅವನು ಆಡಿದ ಮಾತೆಂದರೆ ಕ್ವಾರ್ಟರ್ಸಿಗೆ ನೀರು ಯಾವಾಗ ಬಿಡುತ್ತಾರೆ, ಮಗಳಿಗೆ ಧೂಳಿನಿಂದ ಕೆಮ್ಮು ಬರುತ್ತದೆ, ಕಿಟಕಿಯ ಹತ್ತಿರ ಬೆಳಕು ಚೆನ್ನಾಗಿದೆ, ಇಂಥವೇ. ಹೊಲಿಗೆ ಬಿಡುವುದಿಲ್ಲ ಎಂದು ಅತ್ತೆ ಹೇಳಿದಳು. ಬಿಡಿರಿ ಎಂದವರು ಯಾರು ಎಂದು ಅವನು ಕೇಳಿದ.

ಸಂಡೂರಿನ ಬಸ್ಸು ಬಂದು ನಿಂತಿತು. ಅತ್ತೆ ಹತ್ತುವಾಗ ಅವನು ಹೇಳಿದ, "ಕಂಪ್ಲಿಗೆ ಬರಂಗಿಲ್ಲಂತ ಅಕ್ಕಗ ಹೇಳ್ತೀನ್ರಿ. ಬರೂ ಐತ್ವಾರ ಮಗಳನ್ನ ಕರ್ಕೊಂಡು ನಿಮ್ಮಲ್ಲಿಗೆ ಬರ್ತೀನಿ. ಆಕಿ ಒಪ್ಪಬೇಕು ನೋಡ್ರಿ."

"ಒಪ್ಪದಿದ್ರ?"

"ಒಪ್ಪದಿದ್ರ ಮತ್ತೊಮ್ಮೆ ಬರ್ತೀವಿ."

ಬಸ್ಸು ಹೊರಟಿತು. ಅವನು ಹಿಂದೆ ಓಡಿ ಬರಲಿಲ್ಲ, ಕೈ ಬೀಸಲಿಲ್ಲ. ಟ್ಯೂಷನ್ನಿಂದ ಮಗಳನ್ನು ಕರೆತರಬೇಕೆಂದು ಹೇಳಿದ್ದ. ಬಸ್ಸು ತಿರುಗುವಷ್ಟರಲ್ಲಿ ಅವನೂ ಆ ಕಡೆ ತಿರುಗಿ ನಡೆಯುತ್ತಿದ್ದ.

ಸಂಡೂರಿನಲ್ಲಿ ಬಸ್ಸು ಬದಲಿಸಿದಾಗ ಹೊತ್ತು ಮುಳುಗುತ್ತಿತ್ತು. ಕಿಟಕಿಯ ಪಕ್ಕದ ಸೀಟನ್ನು ಪಂಪಿ ಅತ್ತೆಗೆ ಬಿಟ್ಟುಕೊಟ್ಟಳು. ಗುಡ್ಡದ ತಿರುವುಗಳು ಶುರುವಾಗುವ ಮೊದಲೇ ಅತ್ತೆ ನಿದ್ದೆಹೋದಳು. ಬಾಯಿ ತುಸು ತೆರೆದಿತ್ತು, ಹಣೆಗೆ ಕೆಂಪು ಧೂಳು ಮೆತ್ತಿತ್ತು, ಸಣ್ಣಗೆ ಗೊರಕೆ ಬರುತ್ತಿತ್ತು. ಒಂದು ತಿರುವಿನಲ್ಲಿ ಅವಳ ತಲೆ ಜಾರಿ ಪಂಪಿಯ ಹೆಗಲ ಮೇಲೆ ಬಿತ್ತು. ತಲೆ ಅಷ್ಟು ಭಾರವಿರುತ್ತದೆ ಎಂದು ಪಂಪಿಗೆ ಗೊತ್ತಿರಲಿಲ್ಲ. ಅವಳು ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಕಾಲನ್ನು ನೆಲಕ್ಕೆ ಒತ್ತಿ, ಬಸ್ಸು ಎತ್ತ ವಾಲಿದರೂ ತಾನು ಅಲುಗಾಡದಂತೆ ಕೂತಳು. ಹೊಸಪೇಟೆಯ ದೀಪಗಳು ಕಾಣುವವರೆಗೂ ಹಾಗೆಯೇ ಕೂತಿದ್ದಳು.