ಬಾಣಂತಿ ಸವತಿಗೆ ಎರೆದದ್ದು

ಬಾಣಂತಿ ಸವತಿಗೆ ನೀರೆರೆಯುವ ಕೆಲಸ ನನ್ನ ತಲೆಗೇ ಬಂತು. ದಿನಾ ಎರೆಯುತ್ತಿದ್ದ ಹೊಳೆಮ್ಮ ಜ್ವರ ಬಂದು ಮಲಗಿದ್ದಳು, ಕಂಪ್ಲಿಯ ನಮ್ಮ ಮನೆಯಲ್ಲಿ ಬೇರೆ ಹೆಂಗಸರಿರಲಿಲ್ಲ. ಹಂಡೆಗೆ ಉರಿ ಹಾಕುವಾಗ ಒಲೆಗಿಂತ ನನ್ನ ಹೊಟ್ಟೆಯೇ ಹೆಚ್ಚು ಉರಿಯುತ್ತಿತ್ತು.

ಸವತಿ ನೀಲಗಂಗಮ್ಮನಿಗೆ ಇಪ್ಪತ್ತನಾಲ್ಕು ವರ್ಷ. ನನ್ನ ಗಂಡ, ಅಕ್ಕಿ ಗಿರಣಿಯ ಕೊಟ್ರಯ್ಯ, ಎರಡು ವರ್ಷದ ಹಿಂದೆ ಅವಳನ್ನು ಸಂಡೂರಿನಿಂದ ಮದುವೆಯಾಗಿ ತಂದ. ಊರಿಗೆ ಹೇಳಿದ್ದು ಮಕ್ಕಳಿಲ್ಲವೆಂದು. ನನಗೆ ಹೇಳಿದ್ದೇ ಬೇರೆ.

“ನಿನ್ನ ಮೈ ಸರಿಯಿಲ್ಲ. ತೊಡಿ ನಡುವ ಒಳಗಿರಬೇಕಾದ ತುಟಿ ಹೊರಗ ಇಳಿದಾವ. ಅದಕ್ಕ ನಿನಗ ಹಾಸಿಗಿ ಆಸೆ ಜಾಸ್ತಿ. ಮರ್ಯಾದಸ್ತ ಹೆಂಗಸಿಗೆ ಅಷ್ಟು ಸುಖ ಯಾಕ?”

ಸುಖವಾಗುತ್ತಿದ್ದದ್ದು ನಿಜ. ಅಂದಿನಿಂದ ಅದೇ ನಾಚಿಕೆಯಾಯಿತು. ಮದರಾಸಿನಿಂದ ಹೊಸಪೇಟೆಗೆ ಬಂದಿದ್ದ ಡಾಕ್ಟ್ರಮ್ಮನ ಕಾಲು ಹಿಡಿದಾದರೂ ಸೋಮವಾರ ಆ ತುಟಿಗಳನ್ನು ಕೊಯ್ಸಿಕೊಳ್ಳುವುದೆಂದು ಗಟ್ಟಿ ಮಾಡಿದ್ದೆ. ಅವನು ಮತ್ತೆ ನನ್ನ ಕೋಣೆಗೆ ಬಂದರೆ ಸಾಕಿತ್ತು.

ಬಚ್ಚಲಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ ಬೇಕೆಂದೇ ಜೋರಾಗಿ ಎಣ್ಣೆ ತಿಕ್ಕಿದೆ. ಇವಳದು ಅದೆಷ್ಟು ಚೆಂದವೋ ನೋಡಿಯೇಬಿಡೋಣವೆಂದು ಕಣ್ಣು ಹಾಯಿಸಿದೆ. ಹೆರಿಗೆಯಾಗಿ ಎರಡು ತಿಂಗಳು, ಬಾವು ಇಳಿದಿತ್ತು. ಇವಳದೂ ಹಾಗೇ ಹೊರಗಿಳಿದಿತ್ತು, ಒಂದು ಉದ್ದ, ಒಂದು ಗಿಡ್ಡ. ನನ್ನದರಂತೆಯೇ.

ಅವಳು ಗಬಕ್ಕನೆ ಸೀರೆ ಎಳೆದುಕೊಂಡಳು. “ನೋಡಬ್ಯಾಡ್ರಿ ಅಕ್ಕಾರ. ನಿಮ್ಮದು ಹಿಂಗಿಲ್ಲಂತ ಅವ್ರು ದಿನಾ ಅಂತಾರ.”

“ಮತ್ತೇನಂತಾರ?”

“ಹಿಂಗಿರೋದಕ್ಕ ನಾನು ಕಟ್ಟಿಗಿ ಹಂಗ ಬಿದ್ದಿರ್ತೀನಂತ. ಖರೇನ ನನಗೇನೂ ಸುಖ ಆಗಂಗಿಲ್ರಿ. ನಿಮ್ಮನ್ನ ನೋಡಿದ್ರ ಹೊಟ್ಟಿ ಉರಿತೈತಿ.”

ನಾನು ಎಣ್ಣೆ ಬಟ್ಟಲು ಕೆಳಗಿಟ್ಟೆ. ನನಗೆ ಸುಖ ಹೆಚ್ಚಾದದ್ದಕ್ಕೂ ಇಳಿದ ತುಟಿಯೇ ಕಾರಣವಂತೆ, ಇವಳಿಗೆ ಇಲ್ಲದ್ದಕ್ಕೂ ಅದೇ ಕಾರಣವಂತೆ! ಗಿರಣಿಯಲ್ಲಿ ಕೂತವನನ್ನು ಎಳೆದು ತಂದು ಹಂಡೆಯೊಳಗೆ ಮುಳುಗಿಸುವಷ್ಟು ಸಿಟ್ಟು ಬಂತು. ಸೋಮವಾರದ ಹೊಸಪೇಟೆ ಅಲ್ಲಿಗೇ ರದ್ದಾಯಿತು.

“ಲೇ ನೀಲಾ, ಸುಳ್ಳು ಹೇಳ್ಯಾರ. ನನ್ನದೂ ಥೇಟ್ ಹಿಂಗ ಐತಿ,” ಅಂದೆ.

“ಹಂಗಾರ ನಿಮಗೂ ಸುಖ ಆಗತಿರಲಿಲ್ಲೇನ್ರಿ?”

ಆಗತಿರಲಿಲ್ಲ ಅಂದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಆದರೆ ಇಷ್ಟು ದಿನ ನಾಚಿದ್ದು ಸಾಕಾಗಿತ್ತು.

“ಆಗತಿತ್ತು. ಭಾಳ ಆಗತಿತ್ತು.”

ಸೀರೆ ಹಿಡಿದಿದ್ದ ಅವಳ ಕೈ ಸಡಿಲವಾಯಿತು. ತಲೆಯೆತ್ತಿ ನನ್ನನ್ನೇ ನೋಡಿದಳು. ಹೊಟ್ಟೆಕಿಚ್ಚು ಇನ್ನೂ ಅವಳ ಕಣ್ಣಲ್ಲೇ ಇತ್ತು. ಈಗ ಅದಕ್ಕೆ ನಿಜವಾದ ಕಾರಣವೂ ಇತ್ತು.